ಸಿಮೆಂಟ್ ಕೆಲಸ ಬಲ್ಲ ದೆವ್ವ

ನಮ್ಮ ಮನೆಯ ದೆವ್ವಕ್ಕೆ ಸಿಮೆಂಟ್ ಕೆಲಸ ಬರುತ್ತಿತ್ತು.

ನಗಬೇಡಿ. ಹೋದ ವರ್ಷ ಯಾರಾದರೂ ಹೀಗೆಂದಿದ್ದರೆ ನಾನೂ ನಗುತ್ತಿದ್ದೆ. ಈಗ ಒಳಗಿನ ಖೋಲಿಗೆ ಕಾಲಿಟ್ಟರೆ ಸಾಕು, ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ.

ರಾಣೆಬೆನ್ನೂರಿನಲ್ಲಿ ನಾವಿರುವುದು ಸಾಲು ಮನೆ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿದೆ, ತಾರಸಿಗಳ ನಡುವೆ ಸೊಂಟದೆತ್ತರದ ಗೋಡೆ ಅಷ್ಟೇ. ನಮಗೆ ಈ ಮನೆ ಮಾರಿದವರು ಗಿರಿಜಕ್ಕ ಮತ್ತು ಅವರ ಯಜಮಾನರು. ಮಾರಿ ದೂರವೇನೂ ಹೋಗಲಿಲ್ಲ, ಇದೇ ಸಾಲಿನ ಇನ್ನೊಂದು ಮನೆಗೆ ಬಾಡಿಗೆಗೆ ಹೋದರು. ಕೀಲಿ ಕೊಟ್ಟ ದಿನ ಗಿರಿಜಕ್ಕ ಒಳಗಿನ ಖೋಲಿಯಲ್ಲಿ ನಿಂತು ಮೇಲೆ ನೋಡುತ್ತಲೇ ಇದ್ದರು. ಅಲ್ಲೊಂದು ಹಳೇ ಫ್ಯಾನ್ ಇತ್ತು. (ಪಾಪ, ಫ್ಯಾನ್ ಬಿಟ್ಟು ಹೋಗಲು ಮನಸ್ಸಿಲ್ಲ ಎಂದುಕೊಂಡೆ. ತೆಗೆದುಕೊಂಡು ಹೋಗಿ ಎಂದೆ. ಬೇಡ ಎಂದರು.)

ಮೊದಲ ಬೇಸಿಗೆಯ ಕೊನೆಗೆ, ರೋಹಿಣಿ ಮಳೆ ಇನ್ನೇನು ಬರಬೇಕು ಎನ್ನುವಾಗ, ಸದ್ದು ಕೇಳಿಸಿತು. ಮಧ್ಯಾಹ್ನ. ಊಟ ಮಾಡಿ ಅಡ್ಡಾಗಿದ್ದೆವು. ತಲೆಯ ಮೇಲೆ ಬರಿಗಾಲಿನ ಹೆಜ್ಜೆ. ನಿಧಾನವಾಗಿ ಬಂದು ಒಳಗಿನ ಖೋಲಿಯ ನೆತ್ತಿಯ ಮೇಲೆ ನಿಂತವು. ಆಮೇಲೆ ಏನನ್ನೋ ಸವರುವ ಸದ್ದು. ಸರ್... ಸರ್... ಸರ್...

ತಾರಸಿ ಬಾಗಿಲಿಗೆ ಒಳಗಿನಿಂದ ಕೀಲಿ. ಹುಡುಕಿ, ತೆಗೆದು, ಹತ್ತಿ ನೋಡುವಷ್ಟರಲ್ಲಿ ಬಿಸಿಲು ಬಿಟ್ಟರೆ ಇನ್ನೊಂದು ನರಪಿಳ್ಳೆ ಇಲ್ಲ.

ಮರುವರ್ಷವೂ ಅಷ್ಟೇ. ಅದರ ಮರುವರ್ಷವೂ. ಮಳೆಗೆ ಮುಂಚೆ ಒಂದೇ ಒಂದು ಮಧ್ಯಾಹ್ನ. ವರ್ಷಕ್ಕೊಮ್ಮೆ ಬರುವ ದೆವ್ವವನ್ನು ನೀವು ಕಂಡಿದ್ದೀರಾ? ನನ್ನ ಹೆಂಡತಿ ಸರೋಜಾ ಮಲಗುವ ಜಾಗ ಬದಲಿಸಿದಳು. ಕೊನೆಗೆ ಅವಳು ಬಾಗಿಲಿಗೆ ಲಿಂಬೆಹಣ್ಣು ಕಟ್ಟಿಸಿದಳು, ನಾನು ತಾರಸಿಯ ಗೋಡೆಯ ಮೇಲೆ ಮುಳ್ಳಿನ ತಂತಿಬೇಲಿ ಹಾಕಿಸಿದೆ. (ಲಿಂಬೆಹಣ್ಣು ದೆವ್ವಕ್ಕೆ, ಬೇಲಿ ಕಳ್ಳರಿಗೆ. ಎರಡೂ ಪಾರ್ಟಿಗೆ ವ್ಯವಸ್ಥೆ.)

ಮುಂದಿನ ಬೇಸಿಗೆಯಲ್ಲಿ ಸದ್ದು ಬರಲಿಲ್ಲ. ಲಿಂಬೆಹಣ್ಣಿನ ಮಹಿಮೆ ಎಂದು ಅವಳು, ಬೇಲಿಯ ಮಹಿಮೆ ಎಂದು ನಾನು. ಇಬ್ಬರೂ ಗೆದ್ದೆವು.

ಅದೇ ಮಳೆಗಾಲದಲ್ಲಿ ಮನೆ ಸೋರಲು ಶುರುವಾಯಿತು.

ಸೋರಿದ್ದು ಬೇರೆಲ್ಲೂ ಅಲ್ಲ, ಒಳಗಿನ ಖೋಲಿಯಲ್ಲಿ. ಅಲ್ಲಿ ಫ್ಯಾನಿನ ಆಚೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯಿದೆ. ಅದರ ಸುತ್ತ ತಟ್ಟೆಯಗಲದ ಹಸಿ ಕಲೆ, ನಡುವೆ ತುಕ್ಕಿನ ಕೆಂಪು. ಕೊಂಡಿಯ ತುದಿಯಿಂದ ಹನಿ ನಿಂತು ನಿಂತು ಬೀಳುತ್ತಿತ್ತು. ಸುಣ್ಣ ಬಳಿಸಿದರಾಯಿತು ಎಂದು ಸುಮ್ಮನಾದೆ.

ಸುಮ್ಮನಿರಲು ಬಿಡದವನು ಸರೋಜಾಳ ತಮ್ಮ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ನಮ್ಮ ಮಗಳು ಪಲ್ಲವಿ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತನಕ್ಕೆ ಅದೇ ಖೋಲಿ, ಗಾಳಿ ಬೀಸದ ಖೋಲಿ ಅದೊಂದೇ. ತವರಿನ ಹಳೇ ಮರದ ತೊಟ್ಟಿಲನ್ನು ಗಾಡಿಯಲ್ಲಿ ಹಾಕಿಕೊಂಡು ಬಂದವನು ಕೊಂಡಿ ನೋಡಿ ನಿಂತುಬಿಟ್ಟ.

"ಮಾಮಾ, ಇದಕ್ಕ ತೊಟ್ಟಿಲಾ ಕಟ್ಟಾವ್ರೇನು?"

"ಮತ್ತ್ಯಾತಕ್ಕ ಕಟ್ಟೋದು?"

"ಮೆಣಸಿನಕಾಯಿ ಚೀಲ ಇಡಾಕ ನಾವು ವರ್ಷಾ ಗೋದಾಮಿನ ಮಾಡು ಚೆಕ್ ಮಾಡಸ್ತೇವಿ. ಕೂಸಿನ ಮ್ಯಾಲಿಂದು ನೀವು ಚೆಕ್ ಮಾಡ್ಸಂಗಿಲ್ಲೇನು?"

ಮಾತು ನಾಟಿತು. ಬೈಕಿಗೆ ಸರ್ವೀಸ್ ಮಾಡಿಸುತ್ತೇವೆ, ಬಿಪಿ ನೋಡಿಸುತ್ತೇವೆ, ಮೊಬೈಲಿಗೆ ಗಾಜು ಅಂಟಿಸುತ್ತೇವೆ. ತಲೆಯ ಮೇಲಿನ ಅಷ್ಟು ಭಾರವನ್ನು ಯಾವತ್ತಾದರೂ ಯಾರಿಗಾದರೂ ತೋರಿಸಿದ್ದೇವೆಯೇ? ತಾರಸಿ ಎಂದರೆ ನಮಗೆ ಹಪ್ಪಳ ಒಣಹಾಕುವ ಜಾಗ, ನೀರಿನ ಟ್ಯಾಂಕು ಇಡುವ ಜಾಗ, ಮುರಿದ ಕುರ್ಚಿಯನ್ನು ಎಸೆಯಲು ಮನಸ್ಸಾಗದೆ ಎತ್ತಿಡುವ ಜಾಗ.

ಗೋದಾಮು ನೋಡುವವರೇ ಬಂದರು. ಹಾವೇರಿಯ ಇಮ್ತಿಯಾಜ್ ಅಂತ, ಸಿವಿಲ್ ಓದಿದವರು, ಇದೇ ಅವರ ವೃತ್ತಿ. ಕೈಯಲ್ಲಿ ಸಣ್ಣ ಸುತ್ತಿಗೆ, ತೇವ ಅಳೆಯುವ ಮೀಟರು, ಚಾಕ್‌ಪೀಸು. ಏಣಿ ಹತ್ತಿ, ಡಾಕ್ಟರ್ ಬೆನ್ನು ಬಡಿದು ನೋಡುವ ಹಾಗೆ ಖೋಲಿಯ ಮೇಲ್ಛಾವಣಿಯನ್ನು ಬಡಿಯುತ್ತ ಹೋದರು. ಠಣ್, ಠಣ್, ಠಣ್. ಕೊಂಡಿಯ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್. ಒಳಗೆ ಏನೂ ಇಲ್ಲದ ಸದ್ದು. ಬಾಗಿಲಲ್ಲಿ ನಿಂತಿದ್ದ ಸರೋಜಾ ತೊಟ್ಟಿಲನ್ನು ಹೊರಗೆ ಎಳೆದಳು.

"ಈ ಕೊಂಡಿ ಒಮ್ಮೆ ಕಿತ್ತು ಬಂದೈತ್ರಿ ಸರ," ಎಂದರು ಇಮ್ತಿಯಾಜ್. "ಆಮ್ಯಾಲೆ ಮತ್ತ ಕೂಡಿಸ್ಯಾರ. ಸುತ್ತ ಸಿಮೆಂಟಿನ ಬಣ್ಣಾನ ಬ್ಯಾರೆ ಐತಿ ನೋಡ್ರಿ."

ತಾರಸಿಗೆ ಹೋದೆವು. ಸರಿಯಾಗಿ ಕೊಂಡಿಯ ನೆತ್ತಿಯ ಮೇಲೆ, ರೊಟ್ಟಿಯಷ್ಟಗಲದ ಸಿಮೆಂಟಿನ ತೇಪೆ. ನಾನೂ ಹಿಂದೆ ನೋಡಿದ್ದೆ. ಆದರೆ ನನ್ನ ಕಣ್ಣು ಆಗ ಆಳನ್ನು ಹುಡುಕುತ್ತಿತ್ತು, ನೆಲವನ್ನಲ್ಲ. ಇಮ್ತಿಯಾಜ್ ಉಳಿ ಇಟ್ಟು ಮೆಲ್ಲಗೆ ಎಬ್ಬಿಸಿದರು. ತೇಪೆ ಒಂದಲ್ಲ. ಒಂದರ ಮೇಲೊಂದು ತೆಳ್ಳನೆ ಪದರ.

"ವರ್ಷಾ ಒಂದೊಂದು ಹಚ್ಚ್ಯಾರ್ರಿ."

"ನಾವು ಮಾಡಿಸೇ ಇಲ್ಲಲ್ರಿ!"

"ಗೌಂಡಿ ಕೆಲಸ ಅಲ್ರಿ ಇದು. ಕರಣಿ ಮುಟ್ಟಿಲ್ಲ. ಕೈಲೆ ಸವರ್ಯಾರ."

ಆ ಸರ್ ಸರ್ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಇಮ್ತಿಯಾಜ್ ಕೆಳಗಿನ ಪದರವೊಂದನ್ನು ಬಿಸಿಲಿಗೆ ಹಿಡಿದರು. ಅದರ ಮೇಲೆ ಅಂಗೈ ಎಳೆದ ಗುರುತು, ಪಕ್ಕದಲ್ಲೇ ಒಂದು ಕಮಾನಿನಂಥ ಗೀರು. ಅದರ ಪಕ್ಕ ಇನ್ನೊಂದು. ಬಳೆ! ಕೆಳಗಿನ ಪದರಗಳಲ್ಲೆಲ್ಲ ಬಳೆಯ ಗೀರು. ಮೇಲಿನ ಎರಡು ಪದರಗಳಲ್ಲಿ ಅಂಗೈ ಮಾತ್ರ. ಬಳೆ ಇಲ್ಲ.

ಸರೋಜಾ ಆ ಗೀರುಗಳ ಮೇಲೆ ತನ್ನ ಬಳೆ ಇಟ್ಟು ನೋಡಿದಳು. ನಮ್ಮ ಸಾಲಿನಲ್ಲಿ ಈಚಿನ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡವರು ಗಿರಿಜಕ್ಕ ಒಬ್ಬರೇ.

ಅವತ್ತೇ ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. "ಬರ್ರಿ, ಕುಂದ್ರಿ" ಎಂದು ಚಹಾ ಕೊಟ್ಟರು. ಕೈ ಬರಿದು. ಸರೋಜಾ ಸುತ್ತಿ ಬಳಸಿ ಮಾತು ತಂದಳು. "ನಮ್ಮ ತಾರಸಿ ಮ್ಯಾಲೆ ಯಾರೋ ಸಿಮೆಂಟ್ ಹಚ್ಚಿ ಹೋಗ್ಯಾರ ನೋಡ್ರಿ ಅಕ್ಕಾರ. ನಿಮಗೇನರ ಗೊತ್ತೈತೇನು?"

"ನನಗೇನ್ ಗೊತ್ತವಾ? ಮೊಣಕಾಲು ಬ್ಯಾನಿ. ಅಟ್ಟ ಹತ್ತಂಗಿಲ್ಲ, ಇಳಿಯಂಗಿಲ್ಲ."

ಇನ್ನೇನು ಕೇಳುವುದು? ಎದ್ದೆವು. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ದನಿ ಬಂತು.

"ಸರೋಜಾ, ಆ ಕೊಂಡಿಗೆ ಮಾತ್ರ ತೊಟ್ಟಿಲಾ ಕಟ್ಟಬ್ಯಾಡ."

ನಾವು ಕೊಂಡಿಯ ಮಾತೇ ಎತ್ತಿರಲಿಲ್ಲ.

ತಿರುಗಿ ನೋಡಿದೆವು. ಗಿರಿಜಕ್ಕ ಗೋಡೆ ಹಿಡಿದು ನಿಂತಿದ್ದರು. "ಒಮ್ಮೆ ಕಳಚಿ ಬಿದ್ದೈತಿ ಅದು. ಮಾರೂ ಮುಂದ ಹೇಳೋಣು ಅಂದ್ನಿ. ಹೇಳಿದ್ರ ಮನಿ ಯಾರೂ ತಗೊಳ್ಳಂಗಿಲ್ಲ, ಬಾಯಿ ಮುಚ್ಚು ಅಂದ್ರು ಅವರು. ನೀರು ಬಿದ್ರ ಮತ್ತ ಬೀಳ್ತೈತಿ ಅಂತ ನಾನಽ ವರ್ಷಾ ಬಂದು ಹಚ್ಚಿ ಹೋಗ್ತಿದ್ದೆ. ನೀವು ಬೇಲಿ ಹಾಕಿಬಿಟ್ರಿ."

ಬಿದ್ದಾಗ ತೊಟ್ಟಿಲಲ್ಲಿ ಯಾರಿದ್ದರು? ಸರೋಜಾ ಗೋಡೆಯತ್ತ ನೋಡಿದಳು. ನಾನೂ ನೋಡಿದೆ. ಅವರ ಮನೆಯ ಗೋಡೆಯಲ್ಲಿ ಯಜಮಾನರ ಫೋಟೋ ಬಿಟ್ಟರೆ ಇನ್ನೊಂದು ಫೋಟೋ ಇಲ್ಲ. ಅವರಿಗೆ ಮಕ್ಕಳಿಲ್ಲ ಎಂದೇ ಇಷ್ಟು ವರ್ಷ ನಾವು ತಿಳಿದಿದ್ದೆವು.

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಇಷ್ಟು ವರ್ಷ ನಮ್ಮನ್ನು ಅದರ ಕೆಳಗೆ ಓಡಾಡಲು ಬಿಟ್ಟಿದ್ದರಲ್ಲ! ದಾರಿಯಲ್ಲಿ ಬರುತ್ತ ಆ ಸಿಟ್ಟು ಎಲ್ಲಿ ಹೋಯಿತೋ. ನೋಯುವ ಮೊಣಕಾಲಲ್ಲಿ ಗೋಡೆಯ ಮೇಲೆ ಗೋಡೆ ದಾಟಿ, ಸೆರಗಿನಲ್ಲಿ ಸಿಮೆಂಟು ಕಟ್ಟಿಕೊಂಡು, ಸುಡುವ ತಾರಸಿಯ ಮೇಲೆ ಬರಿಗಾಲಲ್ಲಿ ಬರುವ ಹೆಂಗಸಿನ ಮೇಲೆ ಎಷ್ಟು ಹೊತ್ತು ಸಿಟ್ಟಿರಲು ಸಾಧ್ಯ?

ಇಮ್ತಿಯಾಜ್ ಹೇಳಿದಂತೆ ಪೊಳ್ಳಾದ ಭಾಗವನ್ನೆಲ್ಲ ಒಡೆಸಿ ಹೊಸದು ಮಾಡಿಸಿದೆವು. ಕೊಂಡಿ ಕತ್ತರಿಸಿ ಹಾಕಿದೆವು. ಒಡೆಯುವಾಗ ಒಳಗಿನ ಸರಳುಗಳು ಕೈಯಲ್ಲಿ ಪುಡಿಯಾದವು. ಮುಳ್ಳಿನ ಬೇಲಿಯನ್ನೂ ತೆಗೆಸಿದೆ. ಮರದ ತೊಟ್ಟಿಲು ಬ್ಯಾಡಗಿಗೆ ವಾಪಸಾಯಿತು, ಪಲ್ಲವಿಯ ಮಗಳು ಮಲಗುವುದು ನೆಲದ ಮೇಲೆ ನಿಲ್ಲುವ ಸ್ಟೀಲಿನ ತೊಟ್ಟಿಲಲ್ಲಿ.

ಮೊನ್ನೆ ಗಿರಿಜಕ್ಕ ಕೂಸನ್ನು ನೋಡಲು ಬಂದಿದ್ದರು, ಮೊದಲ ಸಲ ಮುಂಬಾಗಿಲಿನಿಂದ. ಪಲ್ಲವಿ ಕೂಸನ್ನು ಎತ್ತಿ ಕೈಗೆ ಕೊಡಹೋದಳು. ಗಿರಿಜಕ್ಕ ಕೈ ಚಾಚಲಿಲ್ಲ. ಖೋಲಿಯ ನಡುವೆ ನಿಂತು, ಕೀಲಿ ಕೊಟ್ಟ ದಿನ ನೋಡಿದ ಹಾಗೆಯೇ, ಮೇಲೆ ನೋಡುತ್ತಿದ್ದರು. ಅಲ್ಲಿ ಈಗ ಕೊಂಡಿಯಿಲ್ಲ, ಕಲೆಯಿಲ್ಲ, ಬರೀ ಬಿಳಿ ಬಣ್ಣ. ಬಹಳ ಹೊತ್ತಿನ ಮೇಲೆ ಕೂಸನ್ನು ಎತ್ತಿಕೊಂಡರು. ಎತ್ತಿಕೊಂಡವರು ಖೋಲಿಯಲ್ಲಿ ನಿಲ್ಲಲಿಲ್ಲ, ಎದೆಗವುಚಿಕೊಂಡು ಅಂಗಳಕ್ಕೆ ಬಂದು, ಬರಿಯ ಆಕಾಶದ ಕೆಳಗೆ ಕುಳಿತರು.

ನೀವು ಮನೆ ಕೊಂಡ ದಿನ, ಕೀಲಿ ಕೊಟ್ಟವರು ಹೊರಡುವ ಮುಂಚೆ ಎತ್ತ ನೋಡಿದರು, ನೆನಪಿದೆಯೇ?