ಉದ್ದಣ್ಣನ ಹತ್ತು ಮಾರು

ಹಗ್ಗದಂಗಡಿಯವನಿಗೆ ಉದ್ದಣ್ಣ ಎಂದು ಹೆಸರಿಟ್ಟವರು ಅವನ ಎತ್ತರ ನೋಡಿ ಇಟ್ಟದ್ದಲ್ಲ. ಆಸಾಮಿ ಕುಳ್ಳ; ಗಲ್ಲಾದ ಹಿಂದೆ ಕೂತರೆ ತಲೆ ಮಾತ್ರ ಕಾಣುತ್ತಿತ್ತು. ಆದರೆ ತೋಳುಗಳು ಮಾತ್ರ ಬೇರೆ ಯಾರಿಗೋ ಮಾಡಿಟ್ಟಿದ್ದನ್ನು ಅವಸರದಲ್ಲಿ ಇವನಿಗೆ ಅಂಟಿಸಿದ ಹಾಗಿದ್ದವು. ಎರಡೂ ಕೈ ಚಾಚಿ ಹಗ್ಗ ಎಳೆದು "ಒಂದು" ಎಂದರೆ ಅದು ಒಂದು ಮಾರು. ಆ ಬೀದಿಯ ಬಾವಿಗಳೆಲ್ಲ ಅವನ ತೋಳಿನ ಲೆಕ್ಕದಲ್ಲೇ ಆಳವಾಗಿದ್ದವು. ಬೇಕರಿಯವನ ಬಾವಿ ಏಳು ಮಾರು, ಟೀಚರಮ್ಮನದು ಹತ್ತು. ಅಡಿ ಎಷ್ಟು, ಗಜ ಎಷ್ಟು ಎಂದರೆ ಯಾರಿಗೂ ಗೊತ್ತಿಲ್ಲ. ನಾಲ್ಕು ಮೊಳಕ್ಕೆ ಒಂದು ಮಾರು ಎಂದು ಪುಸ್ತಕದಲ್ಲಿದೆಯಲ್ಲ ಎಂದರೆ, ಪುಸ್ತಕಕ್ಕೆ ತೋಳಿದೆಯೇ ಎಂದು ಉದ್ದಣ್ಣ ಕೇಳುತ್ತಿದ್ದ.

ಈ ಜಂಬವೇ ಅವನನ್ನು ಕೆಡವಿತು. ಅಟ್ಟದಿಂದ ಹಗ್ಗದ ಸುರುಳಿ ಇಳಿಸಲು ಏಣಿ ಹತ್ತಿದವನು ಅಲ್ಲೇ ನಿಂತು ಅಳೆಯಲು ಹೊರಟ. ಮಾರು ಅಳೆಯುವವನಿಗೆ ಏಣಿ ಹಿಡಿಯಲು ಕೈ ಎಲ್ಲಿ ಉಳಿಯುತ್ತದೆ? ಬಲಗೈ ಮೊಣಕೈ ಹತ್ತಿರ ಮುರಿಯಿತು.

ಸುದ್ದಿ ಕೇಳಿ ಬಾಮೈದ ಒಂದು ಟೇಪು ತಂದುಕೊಟ್ಟ. "ಭಾವ, ಇನ್ಮೇಲೆ ಇದರಲ್ಲಿ ಅಳೀರಿ."

"ಅಳೀತೀನಿ ಕಣೋ. ನನ್ನ ಮಾರು ಎಷ್ಟು ಅಡಿ?"

"ಕೈ ಚಾಚಿ, ಈಗಲೇ ಹೇಳ್ತೀನಿ."

ಉದ್ದಣ್ಣ ಪ್ಲಾಸ್ಟರಿನ ಕೈ ನೋಡಿಕೊಂಡ. ಬಾಮೈದನೂ ನೋಡಿದ. ಟೇಪು ಗಲ್ಲಾ ಸೇರಿತು.

ಉಳಿದವಳು ಹೆಂಡತಿ. ಅವಳ ತೋಳು ಗಿಡ್ಡ. ಮದುವೆಯಾದ ಹೊಸತರಲ್ಲಿ ಇಬ್ಬರೂ ಆಟಕ್ಕೆಂದು ಅಳೆದು ನೋಡಿದ್ದರು: ಅವನ ಹತ್ತು ಮಾರೆಂದರೆ ಅವಳ ಹನ್ನೆರಡು. ಆಗಿನ ಆಟ ಈಗ ಹೊಟ್ಟೆಪಾಡಾಯಿತು.

"ಹತ್ತಕ್ಕೆ ಎರಡು. ಮರೀಬೇಡ," ಎಂದ.

"ಅದನ್ನೇನು ಮರೆಯೋದು," ಎಂದಳು.

ಪ್ಲಾಸ್ಟರ್ ಇದ್ದಷ್ಟು ದಿನ ಅವಳು ಎಳೆದರೆ, ಎಣಿಸುತ್ತಿದ್ದವನು ಅವನೇ. ಅದನ್ನು ಬಿಚ್ಚುವ ದಿನ ಮೊದಲ ಸಲ ಅಂಗಡಿಯನ್ನು ಅವಳೊಬ್ಬಳಿಗೇ ಒಪ್ಪಿಸಿ ಆಸ್ಪತ್ರೆಗೆ ಹೋದ. ಡಾಕ್ಟರು ಕೈಯನ್ನು ಆಚೀಚೆ ತಿರುಗಿಸಿ, ನೋವು ಹೋಗುತ್ತದೆ, ಆದರೆ ಮೊಣಕೈ ಇನ್ನು ನೆಟ್ಟಗಾಗುವುದಿಲ್ಲ ಎಂದರು. ದಾರಿಯಲ್ಲಿ ಅವನಿಗೆ ಅಳು ಬಂತು. ಮಾರು ಅಳೆಯದ ಉದ್ದಣ್ಣ ಬರೀ ಕುಳ್ಳ. ಅವನನ್ನು ಹುಡುಕಿಕೊಂಡು ಯಾರು ಬರುತ್ತಾರೆ?

ಬಂದಿದ್ದರು, ಟೀಚರಮ್ಮ. ಬೆಳಿಗ್ಗೆ ಕೊಂಡ ಹಗ್ಗವನ್ನು ಅಂಗಡಿಯ ಕಟ್ಟೆಯ ಮೇಲೆ ಎಸೆದು ನಿಂತಿದ್ದರು. ಅವರ ಹಳೆಯ ಹಗ್ಗ ಹರಿದು ಬಾವಿಗೆ ಬಿದ್ದಿತ್ತು.

"ಕೊಡ ನೀರು ಮುಟ್ಟೋದೇ ಇಲ್ಲ ಕಣ್ರೀ. ನಡುಬಾವಿಯಲ್ಲೇ ತೂಗಾಡುತ್ತೆ."

ಉದ್ದಣ್ಣ ಹೆಂಡತಿಯ ಕಡೆ ತಿರುಗಿದ. "ಎಷ್ಟು ಕೊಟ್ಟೆ?"

"ಎಂಟು."

"ಎಂಟಾ?"

"ಹತ್ತಕ್ಕೆ ಎರಡು ಅಂದಿದ್ರಲ್ಲ. ಕೂಡೋದೋ ಕಳೆಯೋದೋ ಹೇಳಿರಲಿಲ್ಲ. ನನ್ನ ಕೈ ಚಿಕ್ಕದು, ಲೆಕ್ಕನೂ ಚಿಕ್ಕದೇ ಇರಬೇಕು ಅಂತ ಕಳೆದೆ."

ಟೀಚರಮ್ಮ ಹಣೆ ಚಚ್ಚಿಕೊಂಡರು. "ನಾನು ಮೀಟರ್ ಲೆಕ್ಕದ ಅಂಗಡಿಗೇ ಹೋಗ್ತೀನಿ ಬಿಡಿ. ಅಲ್ಲಿ ಯಾರು ಅಳೆದ್ರೂ ಮೀಟರ್ ಅಂದ್ರೆ ಮೀಟರೇ."

"ಒಂದು ನಿಮಿಷ," ಎಂದು ಹೆಂಡತಿ ಹೊಸ ಸುರುಳಿ ಎಳೆದು ತಂದಳು. "ರೀ, ನೀವೇ ಅಳೀರಿ," ಎಂದಳು ಗಂಡನಿಗೆ.

"ಯಾವ ಕೈಯಲ್ಲೇ? ಇದು ಇನ್ನು ನೆಟ್ಟಗಾಗಲ್ವಂತೆ." ಉದ್ದಣ್ಣ ಬಲಗೈ ಮುಂದೆ ಹಿಡಿದ.

"ತುದಿ ಹಿಡ್ಕೊಳ್ಳೋಕಾದ್ರೂ ಆಗುತ್ತಲ್ಲ," ಎಂದು ಅವಳು ಮಡಿಸಿದ ಬಲಗೈಗೆ ಹಗ್ಗ ತುರುಕಿದಳು. ಆ ಮುಷ್ಟಿ ಸರಿಯಾಗಿ ಎದೆಯ ನಡುವೆ ಕೂತಿತ್ತು. ಸಿಟ್ಟಿಗೆ ಅವನು ಎಡಗೈಯಿಂದ ಹಗ್ಗವನ್ನು ಆದಷ್ಟೂ ದೂರ ಎಳೆದ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ರೀ, ಇದು ಅರ್ಧ ಮಾರಲ್ವಾ?"

"ಅರ್ಧ ಅಳೆಯೋನಲ್ಲ ನಾನು."

"ಹಾಗಾದ್ರೆ ಎರಡೆರಡು ಸಲ ಅಳೀರಿ."

ಅವನು ತನ್ನ ಎಡಗೈ ನೋಡಿಕೊಂಡ. ಇಷ್ಟು ದಿನ ಎಡಗೈ ಪಕ್ಕದಲ್ಲೇ ಜೋತಾಡುತ್ತಿತ್ತು. ಬಾಮೈದನಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಹೆಂಡತಿ ಎಣಿಸಲು ಬಾಯಿ ತೆರೆದಳು.

"ಬೇಡ," ಎಂದ ಉದ್ದಣ್ಣ. "ಲೆಕ್ಕ ಟೀಚರಮ್ಮ ಇಡಲಿ."

ಟೀಚರಮ್ಮ ಇಪ್ಪತ್ತು ಎಂದಾಗ ಹಗ್ಗ ಕತ್ತರಿಸಿ, ಮೂವರೂ ಬಾವಿಗೆ ಹೋದರು. ಕೊಡ ಇಳಿಯುವಾಗ ಉದ್ದಣ್ಣ ಗೋಡೆಗೆ ಮುಖ ಮಾಡಿ ನಿಂತ. ರಾಟೆ ಕಿರುಗುಟ್ಟುತ್ತಲೇ ಇತ್ತು. ಕೊನೆಗೆ ಕೆಳಗೆ ನೀರು ಬುಳುಕ್ಕೆಂದಿತು. ಎಂದಿನಂತೆ ಒಂದು ಗೇಣು ಹಗ್ಗ ಟೀಚರಮ್ಮನ ಕೈಯಲ್ಲಿ ಉಳಿದಿತ್ತು.

"ಹೂಂ, ಇದು ನಿಮ್ಮ ಹತ್ತು," ಎಂದರು ಅವರು.

ಹಿಂದಿರುಗುವಾಗ ಹೆಂಡತಿ ಕೇಳಿದಳು: "ಈಗ ಆ ಎಡಗೈಗೇ ಟೇಪು ಹಿಡಿದು ಎರಡರಷ್ಟು ಮಾಡಿದ್ರೆ ನಿಮ್ಮ ಮಾರು ಎಷ್ಟು ಅಡಿ ಅಂತ ಗೊತ್ತಾಗುತ್ತಲ್ವಾ? ಆಮೇಲೆ ಯಾರು ಬೇಕಾದ್ರೂ ಅಳೀಬಹುದು."

"ಯಾರು ಬೇಕಾದ್ರೂ ಅಳೆಯೋದಾದ್ರೆ ನಾನ್ಯಾಕೆ ಬೇಕು?"

"ತುದಿ ಹಿಡ್ಕೊಳ್ಳೋಕೆ," ಎಂದು ಅವಳು ಆ ಮಡಿಸಿದ ಕೈಯೊಳಗೆ ತನ್ನ ಗಿಡ್ಡ ಕೈ ತೂರಿಸಿದಳು. ಟೇಪು ಗಲ್ಲಾದಲ್ಲೇ ಉಳಿಯಿತು.