ಬೋರ್ಡಪ್ಪನ ಮೇಲೆ ಭಾವನ ಕಣ್ಣು

ನಮ್ಮ ಭಾವನಿಗೆ ಹೊಟ್ಟೆಕಿಚ್ಚು ಬಂದರೆ ಮೊದಲು ಗೊತ್ತಾಗುವುದು ಅವರ ಕರವಸ್ತ್ರಕ್ಕೆ. ಅದನ್ನು ಜೇಬಿನಿಂದ ಎಳೆದು, ಇಲ್ಲದ ಕೊಳೆಯನ್ನು ಹುಡುಕಿ ಹುಡುಕಿ ಕನ್ನಡಕ ಒರೆಸುತ್ತಾರೆ. ಅಕ್ಕನಿಗೆ ಹೊಸ ಕಂಪ್ಯೂಟರ್ ತೆಗೆದುಕೊಳ್ಳುವ ಮಾತು ಶುರುವಾದ ಮೇಲೆ ಅವರು ಒರೆಸಿದ ರಭಸಕ್ಕೆ ಗಾಜು ಸವೆದುಹೋಗದಿದ್ದದ್ದೇ ದೊಡ್ಡದು.

ಭಾವನದು ಕನ್ನಡಕದ ಅಂಗಡಿ. ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವುದರಲ್ಲಿ ಅವರ ಕೈ ಪಳಗಿದ್ದು. ಅಂಗಡಿಗೆ ಯಾರೇ ಬರಲಿ, ಕುರ್ಚಿ ತೋರಿಸಿ ಮೊದಲು ಕೇಳುವುದು ಒಂದೇ ಮಾತು: "ಏನು ಕೆಲಸ ಮಾಡ್ತೀರಿ? ಎಷ್ಟು ದೂರದಲ್ಲಿಟ್ಟು ನೋಡ್ತೀರಿ?" ಬಟ್ಟೆ ಹೊಲಿಯುವವಳಿಗೆ ಬೇಕಾದ ಗಾಜು ಲಾರಿ ಓಡಿಸುವವನಿಗೆ ಆಗುವುದಿಲ್ಲವಲ್ಲ.

ನನ್ನ ಅಕ್ಕ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಆ ಕೋಣೆಯ ಹೊಸ್ತಿಲಿಗೆ ಭಾವ ಬರುತ್ತಿದ್ದದ್ದು ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆ ಎಂದು ಕೇಳಲು ಮಾತ್ರ. ಉತ್ತರ ಸಿಕ್ಕ ಕೂಡಲೇ ವಾಪಸು.

ಹೀಗಿರುವಾಗ ಹೊಸ ಬಿಲ್ಡರ್ ಒಬ್ಬ ಅಕ್ಕನನ್ನು ಹುಡುಕಿಕೊಂಡು ಬಂದ. ಅವನಿಗೆ ಗೆರೆಯ ನಕ್ಷೆ ಸಾಲದು. ಇನ್ನೂ ಕಟ್ಟದ ಮನೆಯೊಳಗೆ ನಿಂತು ನೋಡಿದಂತಿರುವ ಚಿತ್ರಗಳು ಬೇಕು. ವಾರದೊಳಗೆ ಮೊದಲ ಮನೆಯದು ಕೊಟ್ಟರೆ ಮುಂದಿನ ಕೆಲಸವೆಲ್ಲ ಇವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಅಕ್ಕನ ಹಳೆಯ ಕಂಪ್ಯೂಟರ್ ಒಂದು ಕಿಟಕಿ ತೋರಿಸುವಷ್ಟರಲ್ಲಿ ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ಹಾಗಾಗಿ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವ ಒಬ್ಬನನ್ನು ನಾನೇ ಕರೆದುಕೊಂಡು ಹೋದೆ. ಆ ಪಾಪ ನನ್ನದೇ.

ಅವನು ಹಿಂದಿನ ಕೋಣೆಯಲ್ಲಿ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ. ಮೊದಲು ಪ್ರೊಸೆಸರ್ ಯಾವುದು ಅನ್ನುವುದು ತೀರ್ಮಾನವಾಗಬೇಕು, ಅದನ್ನು ಕೂರಿಸುವ ಬೋರ್ಡ್ ಅದಕ್ಕೆ ತಕ್ಕದ್ದೇ ಆಗಬೇಕು, ಮುಂದೆ ಮೆಮೊರಿ ಹೆಚ್ಚಿಸಲು ಅದರಲ್ಲಿ ಜಾಗ ಇರಬೇಕು ಎಂದು ಏನೇನೋ ಹೇಳುತ್ತಿದ್ದ. ನಡುನಡುವೆ ಅಕ್ಕನ ನಗು. ಅಕ್ಕ ನಗುವುದೇ ಅಪರೂಪ. ಹೊರಗೆ ಭಾವ ಪೇಪರಿನ ಒಂದೇ ಪುಟ ಹಿಡಿದು ಕೂತಿದ್ದರು. ಕರವಸ್ತ್ರ ಆಗಲೇ ಕೈಗೆ ಬಂದಿತ್ತು.

"ಒಂದು ಹಲಗೆ, ಒಂದು ಬಿಲ್ಲೆ. ಅಷ್ಟಕ್ಕೆ ಇಷ್ಟು ಮಾತಾ?" ಅಂದರು ನನ್ನ ಕಿವಿಯಲ್ಲಿ. "ಅವನ ಕನ್ನಡಕ ನೋಡಿದೆಯಾ? ಸೊಟ್ಟಗೆ ಕೂತಿದೆ. ಬೇರೆ ಯಾವುದೋ ಅಂಗಡಿದು."

ಅಂದಿನಿಂದ ಅವನಿಗೆ ಬೋರ್ಡಪ್ಪ ಎಂದು ಹೆಸರಿಟ್ಟರು. ಬೋರ್ಡಪ್ಪನ ಫೋನ್ ಬಂದರೆ ಟಿವಿ ಸದ್ದು ಹೆಚ್ಚಿಸುವುದು, ಅಕ್ಕ ಫೋನ್ ಇಟ್ಟ ಮೇಲೆ "ಏನಂತೆ ನಿಮ್ಮ ಬೋರ್ಡಪ್ಪಂದು?" ಎಂದು ಗೋಡೆಗೆ ಹೇಳುವ ಹಾಗೆ ಕೇಳುವುದು. ಅಕ್ಕ ಹೇಳಲು ಬಾಯಿ ತೆರೆದರೆ ಎದ್ದು ಹೋಗುವುದು. ಹೊಟ್ಟೆಕಿಚ್ಚಿನ ಗಂಡಸಿಗೆ ಪ್ರಶ್ನೆ ಬೇಕು, ಉತ್ತರ ಬೇಡ.

ಶನಿವಾರ ಬೋರ್ಡು, ಪೆಟ್ಟಿಗೆ, ಉಳಿದ ಸಾಮಾನು ಮನೆಗೆ ಬಂದವು. ಪ್ರೊಸೆಸರ್ ಮಾತ್ರ ಭಾನುವಾರ ಸಂಜೆ ತಾನೇ ತಂದು ಕೂರಿಸುತ್ತೇನೆ ಎಂದು ಬೋರ್ಡಪ್ಪ ಹೇಳಿಹೋದ. ಭಾನುವಾರ ಮಧ್ಯಾಹ್ನ ಅಕ್ಕ ಬಿಲ್ಡರನ ಜಾಗ ನೋಡಲು ಹೊರಟ ಮೇಲೆ ಭಾವ ನನ್ನನ್ನು ಕರೆಸಿಕೊಂಡರು. ಮೇಜಿನ ಮೇಲೆ ಬೋರ್ಡ್ ಬಿಚ್ಚಿಟ್ಟಿತ್ತು. ಅದರ ಪಕ್ಕ ಮಿರಮಿರ ಮಿಂಚುವ ಒಂದು ಡಬ್ಬಿ.

"ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡ ಪ್ರೊಸೆಸರ್," ಅಂದರು. "ನಾನೇ ತಂದೆ. ಸಂಜೆ ಆ ಬೋರ್ಡಪ್ಪ ಬರೋ ಅಷ್ಟರಲ್ಲಿ ಕೂರಿಸಿಬಿಡ್ತೀನಿ. ಅವನು ಬಂದ ದಾರಿ ಹಿಡೀಲಿ."

"ಭಾವ, ಇದು ಈ ಬೋರ್ಡಿಗೆ ಹೊಂದುತ್ತಾ?"

"ಯಾವ ಗಾಜು ಯಾವ ಫ್ರೇಮಿಗೆ ಕೂತಿಲ್ಲ ಹೇಳು, ನನ್ನ ಕೈಯಲ್ಲಿ? ಸ್ವಲ್ಪ ಒತ್ತಬೇಕು, ಅಷ್ಟೇ."

ಗಾಜನ್ನಾದರೆ ಸವೆಸಬಹುದು. ಇದನ್ನು ಸವೆಸಲು ಬರುವುದಿಲ್ಲವಲ್ಲ. ಪ್ರೊಸೆಸರ್ ಬಿಲ್ಲೆಯ ಅಂಚಿನ ಕಚ್ಚು ಬೋರ್ಡಿನ ಕಚ್ಚಿಗೆ ಹೊಂದಲೇ ಇಲ್ಲ. ಭಾವ ಹೆಬ್ಬೆರಳಿಟ್ಟು ಒತ್ತಿದರು. ಕರ್ ಎಂದು ಸಣ್ಣ ಸದ್ದಾಯಿತು. ಎತ್ತಿ ನೋಡಿದರೆ, ಬೋರ್ಡಿನ ಚೌಕದೊಳಗೆ ಸಾಲಾಗಿ ನಿಂತಿದ್ದ ಕೂದಲೆಳೆಯಂಥ ಪಿನ್ನುಗಳು ಒಂದು ಮೂಲೆಯಲ್ಲಿ ಮಲಗಿಬಿಟ್ಟಿದ್ದವು.

ಅಷ್ಟರಲ್ಲಿ ಅಕ್ಕ ಬಂದಳು. ಬೋರ್ಡ್ ನೋಡಿದಳು, ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಬೋರ್ಡಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅಂಥದೇ ಇನ್ನೊಂದು ಬೋರ್ಡ್ ಬರಲು ಹತ್ತು ದಿನವಾದರೂ ಬೇಕಂತೆ. ಫೋನ್ ಇಟ್ಟು ಕೂತುಬಿಟ್ಟಳು.

"ಯಾಕ್ರೀ ಹೀಗೆ ಮಾಡಿದ್ರಿ?"

ಭಾವ ಕನ್ನಡಕ ತೆಗೆದರು, ಒರೆಸಲಿಲ್ಲ. "ಅವನ ಜೊತೆ ನಗ್ತೀಯ. ನನ್ನ ಜೊತೆ ನಕ್ಕು ಎಷ್ಟು ಕಾಲ ಆಯ್ತು? ನನ್ನ ಕೈಲಿ ತಡೆಯೋಕಾಗಲಿಲ್ಲ."

ನಾನು ಎದ್ದು ಹೋಗಬೇಕಿತ್ತು. ಬದಲಿಗೆ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ಕೂತೆ.

"ಅವನು ಬಂದ ದಿನ ಮೊದಲು ಕೇಳಿದ್ದು ಏನು ಗೊತ್ತಾ?" ಅಂದಳು ಅಕ್ಕ. "ನೀವು ಏನು ಕೆಲಸ ಮಾಡ್ತೀರಿ ಮೇಡಂ, ಎಲ್ಲಿ ತಡವಾಗುತ್ತೆ, ಒಂದ್ಸಲ ಮಾಡಿ ತೋರಿಸಿ ಅಂತ. ಪ್ರೊಸೆಸರ್ ಆರಿಸೋಕೆ ಅದು ಗೊತ್ತಿರಬೇಕಂತೆ. ತೋರಿಸಿದೆ. ಮೆಟ್ಟಿಲು ಹತ್ತಿ ಹೋದ್ರೆ ಗೋಡೆಗೆ ಢಿಕ್ಕಿ ಹೊಡೆಯೋ ಹಾಗೆ ಒಂದು ಮನೆ ಬರೆದಿದ್ದೆ, ಅದನ್ನ ನೋಡಿ ಇಬ್ರೂ ನಕ್ವಿ." ಅವಳ ದನಿ ಸಣ್ಣದಾಯಿತು. "ನಿಮ್ಮ ಅಂಗಡಿಗೆ ಬರೋ ದಾರಿಹೋಕರನ್ನೆಲ್ಲ ಕೇಳ್ತೀರಿ, ಏನು ಕೆಲಸ ಅಂತ. ನನ್ನನ್ನ ಯಾವತ್ತಾದ್ರೂ ಕೇಳಿದ್ದೀರಾ?"

ಭಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರು ಅಂದುಕೊಂಡೆವು. ಅಂಗಡಿಯಿಂದ ಭೂತಗನ್ನಡಿಯನ್ನೂ ಸೂಜಿಮೊನೆಯ ಚಿಮಟವನ್ನೂ ಹಿಡಿದು ವಾಪಸು ಬಂದರು. ಅಕ್ಕ ಟೇಬಲ್ ದೀಪ ಬಗ್ಗಿಸಿ ಹಿಡಿದಳು. ಭಾವ ಉಸಿರು ಬಿಗಿಹಿಡಿದು ಒಂದೊಂದೇ ಪಿನ್ ಎತ್ತಿ ನಿಲ್ಲಿಸುತ್ತಾ ಹೋದರು. ಸಂಜೆ ಬೋರ್ಡಪ್ಪ ಸರಿಯಾದ ಪ್ರೊಸೆಸರ್ ತಂದ. ಬಗ್ಗಿ ನೋಡಿ, "ಯಾರು ಸಾರ್ ಎತ್ತಿದ್ದು? ನನ್ನ ಕಣ್ಣಿಗೆ ಇದು ಕಾಣ್ತಾನೇ ಇಲ್ಲ," ಅಂದ.

"ಕಾಣಲ್ಲ. ನಿಮ್ಮ ಕನ್ನಡಕ ಸೊಟ್ಟಗಿದೆ," ಅಂದರು ಭಾವ ಗಂಟಲೊಳಗೆ.

ಕಂಪ್ಯೂಟರ್ ಗುಂಯ್ ಎಂದು ಎದ್ದಿತು. ಬಿಲ್ಡರನ ಚಿತ್ರಗಳು ಹೇಳಿದ ದಿನಕ್ಕೆ ಹೋದವು. ಭಾವನ ದೊಡ್ಡ ಪ್ರೊಸೆಸರನ್ನು ಡಬ್ಬಿಯ ಸೀಲು ಒಡೆದಿದೆ ಎಂದು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಈಗಲೂ ಅವರ ಬೀರುವಿನಲ್ಲಿದೆ.

ಮೊನ್ನೆ ಹೋಗಿದ್ದೆ. ಬೋರ್ಡಪ್ಪ ಕೂತಿದ್ದ ಸ್ಟೂಲಿನ ಮೇಲೆ ಈಗ ಭಾವ.

"ಇದು ಏನು, ಈ ಅಡ್ಡ ಗೆರೆ?" ಎಂದು ಕೇಳುತ್ತಿದ್ದರು.

"ಕಿಟಕಿ."

"ಬೆಳಕು ಯಾವ ಕಡೆಯಿಂದ ಬರುತ್ತೆ?"

ಅಕ್ಕ ಪರದೆಯಿಂದ ಕಣ್ಣು ತೆಗೆದು ಅವರನ್ನೇ ನೋಡಿದಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಭಾವನೇ ಎತ್ತಿಕೊಂಡರು. ಬೋರ್ಡಪ್ಪ. ಕಂಪ್ಯೂಟರ್ ಹೇಗಿದೆ ಎಂದು ಕೇಳಲು ಮಾಡಿದ್ದನಂತೆ. ಭಾವನ ಒಂದು ಕೈ ಜೇಬಿಗೆ ಹೋಯಿತು, ಕರವಸ್ತ್ರದ ತುದಿ ಹೊರಗೆ ಇಣುಕಿತು. ಆಮೇಲೆ ಫೋನನ್ನು ಅಕ್ಕನ ಕೈಗೆ ಕೊಟ್ಟರು.

ಕೊಟ್ಟರು, ನಿಜ. ಸ್ಟೂಲ್ ಮಾತ್ರ ಬಿಟ್ಟು ಏಳಲಿಲ್ಲ.