ಎಡಿತಾಳ ಹರಕೆ ಮೊಟ್ಟೆಗಳು

ಎಡಿತಾ ಗೆಲಾರಿಯೊ ಐದು ನಿಮಿಷ ಒಂದೇ ಕಡೆ ಕೂತದ್ದನ್ನು ಗಿಂಬಾಲ್ ಊರಿನಲ್ಲಿ ಕಂಡವರಿಲ್ಲ. ಚರ್ಚಿನಲ್ಲಿ ಬಲಿಪೂಜೆ ನಡೆಯುವಾಗಲೂ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಅರ್ಧ ಕೂತಿರುತ್ತಿದ್ದಳು. ಪಾದ್ರಿಯ ಮಾತು ಉದ್ದವಾಯಿತೋ, ಎದ್ದು ಹೋಗಿ ದೀಪಸ್ತಂಭಕ್ಕೆ ಅಂಟಿದ ಮೇಣ ಕೆರೆಯುತ್ತಿದ್ದಳು. ವಯಸ್ಸು ಐವತ್ತೊಂದು, ಸಣಕಲು ಮೈ, ಚುರುಕು ಕಣ್ಣು; ಮದುವೆಯ ಗೊಡವೆಗೆ ಹೋಗಿರಲಿಲ್ಲ. ಕೆಲಸ ಬೇಕರಿಯಲ್ಲಿ. ಹಿಂದಿನ ದಿನ ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಹೋಳು ಮಾಡಿ, ಬೆಣ್ಣೆ ಸಕ್ಕರೆ ಸವರಿ, ಮತ್ತೆ ಒಲೆಗೆ ಹಾಕಿ ಗರಿಗರಿ ಬಿಸ್ಕೊಚೊ ಮಾಡುವುದು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಕೈಗೆ ಉಳಿದದ್ದನ್ನು ಎಸೆಯುವುದು ಬರುತ್ತಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಖಾಲಿ ಡಬ್ಬಿ ಇಡಲು ಜಾಗವಿಲ್ಲದೆ ಖಾಲಿ ಡಬ್ಬಿಗಳೊಳಗೇ ಖಾಲಿ ಡಬ್ಬಿ ತುರುಕಿಟ್ಟಿದ್ದಳು.

ಅಂಥವಳು ಮಧ್ಯಾಹ್ನವಿಡೀ ಲ್ಯಾಪ್‌ಟಾಪಿನ ಮುಂದೆ ವಿಡಿಯೊ ಗೇಮ್ ಆಡುತ್ತಾಳೆಂದರೆ ಬೇಕರಿಯವರು ನಂಬಲಿಲ್ಲ. ಆದರೆ ಆ ಆಟದಲ್ಲಿ ಸುಮ್ಮನೆ ಕೂರುವ ಮಾತೇ ಇರಲಿಲ್ಲ. ಚೌಕ ಚೌಕ ಇಟ್ಟಿಗೆಗಳ ಲೋಕ ಅದು. ಮಣ್ಣು ಅಗೆಯಬೇಕು, ಮರ ಕಡಿಯಬೇಕು, ಕಟ್ಟಬೇಕು, ಕೆಡವಬೇಕು. ಆಟ ಕಲಿಸಿದವನು ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮ ರೊಹೆಲ್ಯೊ. ಮನೆಯಲ್ಲಿ ಅವನು ತೊತೊ, ಅವಳು ಮನಾಂಗ್, ಅಂದರೆ ಅಕ್ಕ. ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಎಣ್ಣೆ ನೋಡಿಕೊಳ್ಳುವ ಕೆಲಸ. ಊರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಆರ್ನೆಲ್ ತನ್ನ ಹಳೆಯ ಕಂಪ್ಯೂಟರಿನಲ್ಲಿ ಈ ಲೋಕವನ್ನು ನಡೆಸುತ್ತಿದ್ದ. ಹಡಗಿಗೆ ಹೋದ ಗಂಡಸರು, ಮನೆಯಲ್ಲುಳಿದ ಹೆಂಗಸರು, ಮೂವತ್ತು ಕುಟುಂಬದವರು ಅದರೊಳಗೆ ಭೇಟಿಯಾಗುತ್ತಿದ್ದರು. ಫೋನಿನಲ್ಲಾದರೆ ಉಂಡೆಯಾ ಎಂದು ಕೇಳಿದ ಮೇಲೆ ಮಾತು ಮುಗಿಯುತ್ತದೆ. ಇಲ್ಲಿ ಮೈಕಿನಲ್ಲಿ ಮಾತಾಡುತ್ತ ಒಟ್ಟಿಗೆ ಒಂದು ಗೋಡೆಯನ್ನಾದರೂ ಏರಿಸಬಹುದು. ಅಕ್ಕ ತಮ್ಮ ಸೇರಿ ಅಲ್ಲಿ ಒಂದು ಗುಡ್ಡದ ಮೇಲೆ ಮನೆ ಕಟ್ಟಿದ್ದರು.

ಮೇ ತಿಂಗಳಲ್ಲಿ ಅವರ ಅಮ್ಮ ತೀರಿಕೊಂಡಳು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಯುವವರೆಗೆ ಮನೆಯವರು ಊರು ಬಿಡುವಂತಿಲ್ಲ. ತೊತೊ ಮೂವತ್ತೊಂದನೆಯ ದಿನ ಹೊಸ ಕಾಂಟ್ರಾಕ್ಟಿಗೆ ಸಹಿ ಹಾಕಿ ಬಂದ. ಹಡಗು ಕಾಯುವುದಿಲ್ಲ ಎಂದು ಅವನು ಹೇಳಿದ್ದೂ ನಿಜ, ಹಡಗು ಕಾಯುವುದಿಲ್ಲ ಎಂಬುದೂ ನಿಜ. ಎಡಿತಾಳ ಕಿವಿಗೆ ಅದು ಹೋಗಲಿಲ್ಲ. ಬ್ಯಾಗು ಹೊತ್ತು ನಿಂತವನಿಗೆ ನೆರೆಹೊರೆಯವರ ಎದುರೇ ಹೇಳಿಬಿಟ್ಟಳು.

"ಇನ್ನೊಂಬತ್ತು ದಿನ ಕಾಯಕ್ಕಾಗ್ದೋನು ನನ್ನ ತಮ್ಮ ಅಲ್ಲ. ಇನ್ಮೇಲೆ ಆ ಹಡಗೇ ನಿನ್ನ ಮನೆ. ಇಲ್ಲಿಗೆ ಬರಬೇಡ."

ತೊತೊ ಜೀಪ್ನಿ ಬಸ್ಸು ಹತ್ತಿದ. ಅದು ತಿರುವಿನಲ್ಲಿ ಮರೆಯಾಗುವ ಮೊದಲೇ ಅವಳಿಗೆ ಮಾತು ಹೆಚ್ಚಾಯಿತೆನಿಸಿತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಮಾತ್ರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಜೂನಿನಲ್ಲಿ ಅವನು ಎರಡು ಸಲ ಆಟದೊಳಗೆ ಬಂದ. ಮಾತಿಲ್ಲ ಕತೆಯಿಲ್ಲ, ಗುಡ್ಡದ ಮನೆಯ ಮಾಡಿಗೆ ಒಂದಿಷ್ಟು ಹಲಗೆ ಹೊಡೆದು ಹೋದ. ಎಡಿತಾ ಪಕ್ಕದಲ್ಲಿ ನಿಂತು ಹಲಗೆ ಕೊಟ್ಟಳು. ಮೂರನೆಯ ಸಲ ಬಂದಾಗ ಕ್ಷಮೆ ಕೇಳುವುದೆಂದು ನಿಶ್ಚಯ ಮಾಡಿ, ಬಿಸ್ಕೊಚೊ ಒಲೆಯ ಮುಂದೆ ನಿಂತು ಮಾತುಗಳನ್ನು ಬಾಯಿಪಾಠ ಕೂಡ ಮಾಡಿದಳು. ಮೂರನೆಯ ಸಲ ಬರಲೇ ಇಲ್ಲ. ಜುಲೈ ಕಳೆಯಿತು. ಫೋನಿಗೆ ಸಂದೇಶ ಹಾಕಿದರೆ ಎರಡು ದಿನ ಬಿಟ್ಟು "ಸಿಗ್ನಲ್ ಇಲ್ಲ" ಎಂದು ಬರುತ್ತಿತ್ತು, ಅಷ್ಟೇ. ಮಾತು ಬೇಡವಾದ ಹಡಗಿನವರು ಮನೆಗೆ ಕಳಿಸುವುದು ಇದೇ ಎರಡು ಪದ ಎಂಬುದು ಗಿಂಬಾಲಿನ ಎಲ್ಲ ಹೆಂಗಸರಿಗೂ ಗೊತ್ತು.

ಆಗಸ್ಟಿನಲ್ಲಿ ತೊತೊನ ಹಡಗಿನ ದಾರಿಯಲ್ಲೇ ಚಂಡಮಾರುತ ಎದ್ದಿದೆ ಎಂದು ರೇಡಿಯೊ ಹೇಳಿತು. ಎಡಿತಾ ಒಂದು ಡಜನ್ ಮೊಟ್ಟೆ ಕಟ್ಟಿಕೊಂಡು ನಗರಕ್ಕೆ ಹೋಗಿ, ಸಾಂತಾ ಕ್ಲಾರಾ ಮಠದ ಸನ್ಯಾಸಿನಿಯರ ಕಿಟಕಿಯಲ್ಲಿ ಒಪ್ಪಿಸಿ ಬಂದಳು. ಮದುವೆಗೆ ಮಳೆ ಬಾರದಿರಲಿ, ಹಬ್ಬಕ್ಕೆ ಬಿಸಿಲಿರಲಿ ಎಂದು ಎಲ್ಲರೂ ಹೊರುವ ಹರಕೆಯೇ. ಹನ್ನೆರಡು ಮೊಟ್ಟೆಗೆ ಅವಳ ತಳಮಳ ಇಳಿಯಲಿಲ್ಲ. ಮನೆಗೆ ಬಂದವಳೇ ಲ್ಯಾಪ್‌ಟಾಪು ತೆರೆದು, ಗುಡ್ಡದ ಮನೆಯ ಕೋಳಿಗೂಡಿನ ಪಕ್ಕ ಆ ಸಂತ ತಾಯಿಗೆ ಬಿಳಿಕಲ್ಲಿನ ಪುಟ್ಟ ಗುಡಿ ಕಟ್ಟಿ, ಬೆರಳೆತ್ತಿ ಗಟ್ಟಿಯಾಗಿ ಹರಕೆ ಹೊತ್ತಳು. ಈ ಕೋಳಿಗಳು ಇಡುವ ಮೊಟ್ಟೆಯೆಲ್ಲ ನಿನ್ನದೇ ತಾಯಿ, ತೊತೊ ನನ್ನೆದುರು ಬಂದು ನಿಲ್ಲುವವರೆಗೆ. ಸಮುದ್ರದ ಮೇಲೆ ತನ್ನವರು ಯಾರೂ ಇಲ್ಲದವರು ಇದಕ್ಕೆ ನಗಬಹುದು. ಉಳಿದವರು ನಗುವುದಿಲ್ಲ.

ಚಂಡಮಾರುತ ಬೇರೆ ಕಡೆ ತಿರುಗಿತು. ತೊತೊ ಬರಲಿಲ್ಲ.

ಆಮೇಲೆ ಶುರುವಾದದ್ದು ಮೊಟ್ಟೆಗಳ ಕಾಟ. ಆ ಲೋಕದ ಕೋಳಿ ಐದು ಹತ್ತು ನಿಮಿಷಕ್ಕೊಂದು ಮೊಟ್ಟೆ ಇಡುತ್ತದೆ. ಗೂಡಿನ ನೆಲದಲ್ಲಿ ಆಲಿಕೆ ಹೂತರೆ ಮೊಟ್ಟೆ ತಾನಾಗಿ ಜಾರಿ ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆಯ ಒಂದು ಖಾನೆಯಲ್ಲಿ ಅರವತ್ತನಾಲ್ಕು ಕಲ್ಲು ಹಿಡಿಸೀತು, ಮೊಟ್ಟೆ ಹಿಡಿಯುವುದು ಬರೀ ಹದಿನಾರು. ಹಾಗಾಗಿ ಪೆಟ್ಟಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತುಂಬುತ್ತಿತ್ತು. ಉಳಿದವರು ಇಂಥ ಹೆಚ್ಚುವರಿ ಮೊಟ್ಟೆಗಳಿಂದ ಕೇಕ್ ಮಾಡುತ್ತಾರೆ, ಮಿಕ್ಕದ್ದನ್ನು ಕುದಿಯುವ ಲಾವಾಕ್ಕೆ ಸುರಿಯುತ್ತಾರೆ. ಎಡಿತಾಳಿಗೆ ಎರಡೂ ದಾರಿ ಮುಚ್ಚಿದ್ದವು. ದೇವರಿಗೆ ಬಿಟ್ಟದ್ದನ್ನು ತಿನ್ನುವುದು ಹೇಗೆ, ಸುಡುವುದು ಹೇಗೆ? ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟಳು. ಗುಡಿಯ ಹಿಂದೆ ಉಗ್ರಾಣ ಕಟ್ಟಿದಳು, ಅದರ ಕೆಳಗೆ ನೆಲಮಾಳಿಗೆ ತೋಡಿದಳು. ಎಲ್ಲ ತುಂಬಿ ಆಲಿಕೆ ಕಟ್ಟಿಕೊಂಡಿತು, ಮೊಟ್ಟೆಗಳು ನೆಲದ ಮೇಲೆ ಬಿದ್ದವು. ನೆಲಕ್ಕೆ ಬಿದ್ದದ್ದನ್ನು ಐದು ನಿಮಿಷದಲ್ಲಿ ಎತ್ತದಿದ್ದರೆ ಮಾಯವಾಗುತ್ತದೆ. ಹರಕೆಯ ಮೊಟ್ಟೆ ಮಾಯವಾದರೆ ಗತಿಯೇನು? ಬಾಚಿ ಬಾಚಿ ಎತ್ತಿ ಗೂಡಿನ ಗೋಡೆಗೆ ಎಸೆಯತೊಡಗಿದಳು. ಎಂಟು ಎಸೆದರೆ ಒಂದರಿಂದ ಮರಿ ಬರುತ್ತದೆ. ಹಾಗಾದರೂ ಜೀವ ಉಳಿದೀತು. ಮರಿ ಬೆಳೆದು ಕೋಳಿಯಾಗುತ್ತಿತ್ತು, ಕೋಳಿ ಮೊಟ್ಟೆ ಇಡುತ್ತಿತ್ತು.

ತಮ್ಮ ಬಾರದ ಒಂದೊಂದು ದಿನಕ್ಕೂ ಅವಳು ಗೂಡನ್ನು ಹಿಗ್ಗಿಸಿದಳು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಕೋಳಿಗಳು ಮೊಟ್ಟೆಯಿಡುವುದನ್ನೇ ನಿಲ್ಲಿಸುತ್ತವೆಂದು ತಿಳಿದ ಮೇಲೆ, ಬೇಕರಿಗೆ ಹೋಗುವಾಗಲೂ ಲ್ಯಾಪ್‌ಟಾಪು ಆರಿಸದೆ ಆಟದೊಳಗಿನ ತನ್ನ ಗೊಂಬೆಯನ್ನು ಅಂಗಳದಲ್ಲಿ ನಿಲ್ಲಿಸಿ ಹೋಗುತ್ತಿದ್ದಳು. ಒಲೆಯ ಮುಂದೆ ನಿಂತರೂ ಮನಸ್ಸು ಗೂಡಿನಲ್ಲಿ. ಎರಡು ತಟ್ಟೆ ಬಿಸ್ಕೊಚೊ ಸೀದುಹೋದವು. ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಆರ್ನೆಲ್ ಅವಳನ್ನು ಅಂಗಡಿಗೆ ಕರೆಸಿದ. ಮೂವತ್ತೈದರ ಸಾಧು ಮನುಷ್ಯ. ಆವತ್ತು ಮಾತ್ರ ಅವನ ಮುಖ ಗಂಟಿಕ್ಕಿತ್ತು. ಕಂಪ್ಯೂಟರಿನ ಫ್ಯಾನು ಹುಚ್ಚು ಹಿಡಿದಂತೆ ಕೂಗುತ್ತಿತ್ತು. ಎರಡು ಸಾವಿರ ಕೋಳಿಗಳನ್ನು ನಡೆಸಿ ನಡೆಸಿ ಯಂತ್ರ ಸುಸ್ತಾಗಿದೆ, ಇಡೀ ಲೋಕ ಕೆಸರಿನಲ್ಲಿ ನಡೆದಂತೆ ನಡೆಯುತ್ತಿದೆ, ಎಲ್ಲ ಮನೆಯವರೂ ತನ್ನನ್ನು ಬೈಯುತ್ತಿದ್ದಾರೆ ಎಂದ. ಲಾವಾಕ್ಕೆ ಸುರಿ ಎಂದ. ಎಡಿತಾ ಹರಕೆಯ ಮಾತೆತ್ತಿದಳು, ಸಾಂತಾ ಕ್ಲಾರಾಳ ಸೊತ್ತಿಗೆ ಕೈಹಚ್ಚಲು ನೀನು ಯಾರು ಎಂದು ಕೇಳಿದಳು. ಆರ್ನೆಲ್ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಯಾರು ಎಷ್ಟು ಹೊತ್ತಿಗೆ ಒಳಬಂದರು, ಯಾವಾಗ ಹೊರಬಿದ್ದರು ಎಂಬ ಪಟ್ಟಿ ಅಲ್ಲಿತ್ತು.

"ಇದು ನಿಮ್ಮ ತಮ್ಮ, ಮನಾಂಗ್. ಆಗಸ್ಟಿಂದ ಇಲ್ಲೀತನಕ ನಲವತ್ತಾರು ಸಲ ಬಂದಿದಾನೆ. ಒಂದ್ಸಲಾನೂ ಒಂದು ನಿಮಿಷ ನಿಂತಿಲ್ಲ. ಹಡಗಿನ ಇಂಟರ್ನೆಟ್ಟು ದಾರದ ಎಳೆ ಇದ್ದ ಹಾಗೆ. ಆಟದೊಳಗೆ ಅವನು ಕಣ್ಣು ಬಿಡೋದೇ ನಿಮ್ಮ ಅಂಗಳದಲ್ಲಿ. ಅಷ್ಟೂ ಕೋಳಿ ಆ ಎಳೇಲಿ ತೂರಬೇಕಲ್ಲ. ಬರ್ತಾನೆ, ಲೈನ್ ಕಡಿದು ಬಿದ್ದೋಗ್ತಾನೆ."

ಎಡಿತಾ ಪಟ್ಟಿಯನ್ನು ಮತ್ತೆ ಮತ್ತೆ ಓದಿದಳು. ಅವನು ಬಂದದ್ದೆಲ್ಲ ಅವಳು ಬೇಕರಿಯಲ್ಲಿದ್ದ ಹೊತ್ತು. ಅವಳ ಗೊಂಬೆ ಅಂಗಳದಲ್ಲೇ ನಿಂತಿತ್ತು. ಪಕ್ಕದಲ್ಲೇ ಬಂದು, ಪಕ್ಕದಿಂದಲೇ ಹೋಗಿದ್ದ. ಅವನು ಬರಲಿ ಎಂದು ಅವಳು ಕೋಳಿ ಹೆಚ್ಚಿಸಿದಳು, ಕೋಳಿ ಹೆಚ್ಚಿದಂತೆಲ್ಲ ಅವನು ಬಾಗಿಲಲ್ಲೇ ಬಿದ್ದ. ಆ ದಿನ ಅವಳು ಅತ್ತಳು. ಆರ್ನೆಲ್‌ನ ಅಂಗಡಿಯಲ್ಲಿ, ಗಿರಾಕಿಗಳ ಎದುರು, ನಾಚಿಕೆ ಬಿಟ್ಟು ಅತ್ತಳು.

ಆದರೂ ಹರಕೆ ಹರಕೆಯೇ. ಮಾರನೆಯ ದಿನ ಬೇಕರಿಗೆ ರಜೆ ಹಾಕಿ ಮಠಕ್ಕೆ ಹೋದಳು. ಕಿಟಕಿಯ ಆಚೆ ಸಿಸ್ಟರ್ ಪೆರ್ಪೆತುವಾ ಎಂಬ ವಯಸ್ಸಾದ ಸನ್ಯಾಸಿನಿ ಇದ್ದಳು. ಅವಳ ಹಿಂದೆ ಗೋಡೆಯುದ್ದಕ್ಕೂ ತಟ್ಟೆಗಟ್ಟಲೆ ಮೊಟ್ಟೆ, ತಲೆಯೆತ್ತರಕ್ಕೆ. ಎಡಿತಾ ಕಾಲು ಬದಲಿಸಿ ಬದಲಿಸಿ ನಿಂತು, ಕಂಪ್ಯೂಟರಿನೊಳಗಿನ ಗುಡಿ, ಕೋಳಿ, ಹರಕೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಎಷ್ಟಿವೆ ಎಂದು ಸನ್ಯಾಸಿನಿ ಕೇಳಿದಳು. ಇಪ್ಪತ್ತು ಸಾವಿರ ದಾಟಿದೆ ಎಂದಳು. ಸಿಸ್ಟರ್ ಪೆರ್ಪೆತುವಾ ಹಿಂತಿರುಗಿ ತನ್ನ ಮೊಟ್ಟೆಗಳನ್ನು ಒಮ್ಮೆ ನೋಡಿದಳು. ನಗು ತಡೆದುಕೊಂಡಂತೆ ಕಂಡಿತು.

"ನೋಡಮ್ಮ, ನಲವತ್ತು ವರ್ಷದಿಂದ ಇಲ್ಲಿದೀನಿ. ಸಾಂತಾ ಕ್ಲಾರಾ ಒಂದು ಮೊಟ್ಟೆ ತಿಂದಿದ್ದು ಕಾಣೆ. ಆಸ್ಪತ್ರೆಗೆ ಕೊಡ್ತೀವಿ, ಜೈಲಿಗೆ ಕೊಡ್ತೀವಿ, ಬಿಸ್ಕತ್ತು ಮಾಡ್ತೀವಿ. ಆದ್ರೂ ಉಳಿಯುತ್ತೆ, ಕೊಳೆತ್ರೆ ಗುಂಡಿಗೆ ಹಾಕ್ತೀವಿ. ನೀನು ಕೊಟ್ಟೆ ಅಂದ ಗಳಿಗೇಲೇ ಅವಳಿಗೆ ಮುಟ್ತು. ಆಮೇಲೆ ಅದು ಬರೀ ಮೊಟ್ಟೆ. ಅದನ್ನ ಕಾಯ್ತಾ ಕೂರೋದು ಹರಕೆ ಅಲ್ಲ, ಹಠ."

ಹಠ ಎಂಬ ಮಾತು ಅವಳಿಗೆ ಚುಚ್ಚಿತು. ಚುಚ್ಚಬೇಕಾದಲ್ಲೇ ಚುಚ್ಚಿತ್ತು.

ಆರ್ನೆಲ್ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಅಳಿಸಿಬಿಡುತ್ತೇನೆಂದ. ಎಡಿತಾ ಒಪ್ಪಲಿಲ್ಲ. ಸಾಕಿದವಳು ನಾನು, ತೀರಿಸುವವಳೂ ನಾನೇ ಎಂದಳು. ಮೂರು ಮಧ್ಯಾಹ್ನ ಕತ್ತಿ ಹಿಡಿದು ಗೂಡಿನಲ್ಲಿ ನಿಂತಳು. ಕೋಳಿಗಳು ಕಾಲಿಗೆ ತೊಡರಿ ಕೊಕ್ಕೊಕ್ಕೊ ಎಂದು ಅರಚುತ್ತ ಓಡಾಡುತ್ತಿದ್ದವು. ಬರೀ ಚೌಕದ ಚಿತ್ರಗಳೆಂದು ತನಗೆ ತಾನೇ ಹೇಳಿಕೊಂಡು ಕತ್ತಿ ಬೀಸಿದಳು. ಮಾಂಸವನ್ನು ಮೂವತ್ತು ಮನೆಗಳ ಬಾಗಿಲಿಗೂ ಹಂಚಿದಳು, ಒಬ್ಬೊಬ್ಬರಿಗೂ ಹದಿನಾರು ಹದಿನಾರು ಮೊಟ್ಟೆ ಇಟ್ಟಳು. ಮಿಕ್ಕ ಪೆಟ್ಟಿಗೆಗಳನ್ನು ಹೊತ್ತು ಹೊತ್ತು ಲಾವಾದ ದಂಡೆಗೆ ತಂದು ಸುರಿದಳು. ಒಂದು ಹತ್ತು ಕೋಳಿ ಇಟ್ಟುಕೊಂಡರೆ ಏನೂ ತೊಂದರೆಯಿಲ್ಲ ಎಂದು ಆರ್ನೆಲ್ ಹೇಳಿಯೇ ಇದ್ದ. ಅರ್ಧಂಬರ್ಧ ಕೆಲಸ ಅವಳಿಗೆ ಒಗ್ಗದು. ಒಂದನ್ನೂ ಬಿಡಲಿಲ್ಲ.

ಮುಗಿದ ಮೇಲೆ ಆ ಅಂಗಳದಲ್ಲಿ ಸದ್ದೆಂಬುದೇ ಇರಲಿಲ್ಲ. ಬೇಕರಿಯಲ್ಲಿ ಬೇಡಿಕೊಂಡು ಪಾಳಿ ಬದಲಿಸಿಕೊಂಡಳು, ತಮ್ಮ ಬರುವ ಹೊತ್ತಿಗೆ ತಾನು ಮನೆಯಲ್ಲಿರಬೇಕೆಂದು. ಮೊದಲ ದಿನ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಅವಳು ಅಡುಗೆಮನೆಗೂ ಮೇಜಿಗೂ ನಡುವೆ ಓಡಾಡಿ ನೆಲ ಸವೆಸಿದಳು. ನಲವತ್ತಾರು ಸಲ ಬಂದು ಬೇಸತ್ತು ಬಿಟ್ಟುಬಿಟ್ಟನೇ ಎಂದು ಹೆದರಿದಳು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಪರದೆಯ ಮೂಲೆಯಲ್ಲಿ ತಮ್ಮನ ಹೆಸರು ಮೂಡಿತು. ಅವನ ಗೊಂಬೆ ಅಂಗಳದಲ್ಲಿ ನಿಂತಿತು. ಬೀಳಲಿಲ್ಲ.

ಎಡಿತಾಳಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಮೊದಲು ಮಾತಾಡಿದವನು ಅವನೇ. ದನಿ ಗಾಬರಿಯಲ್ಲಿತ್ತು.

"ಮನಾಂಗ್, ಏನಾಯ್ತು? ಹುಷಾರಿದೀಯಾ? ಯಾಕೆ ಸದ್ದೇ ಇಲ್ಲ?"

ನಿನಗೆ ಒಳಗೆ ಬರಲು ಆಗುತ್ತಿರಲಿಲ್ಲವಂತಲ್ಲ, ಅದಕ್ಕೆ ಕೋಳಿಯೆಲ್ಲ ಕೊಂದೆ ಎಂದಳು.

"ನಂಗೆ ಏನೂ ಕಾಣ್ತಿರಲಿಲ್ಲ. ಪರದೆಯೆಲ್ಲ ಕಪ್ಪು. ಕೋಳಿ ಸದ್ದು ಮಾತ್ರ ಕೇಳೋದು, ಅರ್ಧ ನಿಮಿಷ. ಇಂಜಿನ್ ರೂಮಿಂದ ಬಂದು ಅದನ್ನ ಕೇಳಿ ಮಲಗ್ತಿದ್ದೆ. ದಿನದಿನಕ್ಕೂ ಜಾಸ್ತಿ ಆಗ್ತಿತ್ತಲ್ಲ, ನೀನು ಇನ್ನೂ ನಮ್ಮನೇಲೇ ಏನೋ ಮಾಡ್ತಿದೀಯ ಅಂತ ಗೊತ್ತಾಗ್ತಿತ್ತು. ಅಷ್ಟು ಸಾಕಾಗಿತ್ತು ನಂಗೆ."

ಎಡಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಚೆಯಿಂದ ಹಡಗಿನ ಗುಡುಗುಡು ಮಾತ್ರ ಕೇಳುತ್ತಿತ್ತು. ಆಮೇಲೆ ಅವನು, ಕಂಪನಿಯ ಗುಮಾಸ್ತನನ್ನು ಕೇಳುವ ಹಾಗೆ ತಗ್ಗಿದ ದನಿಯಲ್ಲಿ ಕೇಳಿದ.

"ಫೆಬ್ರವರಿಗೆ ಕಾಂಟ್ರಾಕ್ಟ್ ಮುಗಿಯುತ್ತೆ. ಇಳಿದ ಮೇಲೆ ನಾನು ಎಲ್ಲಿಗೆ ಹೋಗ್ಲಿ, ಮನಾಂಗ್?"

ಅವನದೇ ಮನೆಗೆ ಬರಲು ಅವನು ಅಪ್ಪಣೆ ಕೇಳುವಂತೆ ಮಾಡಿದ್ದು ತಾನೇ.

"ಎಲ್ಲಿಗೆ ಅಂದ್ರೆ? ಮನೆಗೆ ಬಾರೋ. ನಾನು ಆಡಿದ್ದು ತಪ್ಪು. ಆದ್ರೆ ಬೈತೀನಿ, ತಯಾರಾಗಿ ಬಾ."

"ಈಗ್ಲೇ ಬೈ. ಇನ್ನೂ ಇಪ್ಪತ್ತು ನಿಮಿಷದ ಇಂಟರ್ನೆಟ್ಟು ಇದೆ."

ಎಡಿತಾ ಮೂಗೊರೆಸಿಕೊಂಡು ಶುರುಮಾಡಿದಳು. ಅಮ್ಮನ ನಲವತ್ತನೆಯ ದಿನದಿಂದ ಹಿಡಿದು, ಸಿಗ್ನಲ್ ಇಲ್ಲ ಎಂದು ಎರಡೇ ಪದ ಕಳಿಸಿದ್ದರವರೆಗೆ, ಮಾಡಿನ ಹಲಗೆ ಓರೆ ಹೊಡೆದಿದ್ದರವರೆಗೆ ಒಂದನ್ನೂ ಬಿಡದೆ ಬೈದಳು. ತೊತೊ ಹಡಗಿನ ಇಂಟರ್ನೆಟ್ಟು ತೀರುವವರೆಗೂ ಅಂಗಳ ಬಿಟ್ಟು ಕದಲದೆ ಕೇಳಿಸಿಕೊಂಡ.